ಜೀರ್ಣೋದ್ಧಾರವೂ ಅಪ್ರಮಾದವೂ

ಹೊಸ ಜಿನಾಲಯವನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಮಿಗಿಲಾದ ಪುಣ್ಯವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವುದು ಯುದ್ಧವಿಜಯಗಳಿಗಾಗಿ ಮಾತ್ರವಲ್ಲ. ಗಂಗವಾಡಿಯ ಪಾಳುಬಿದ್ದ ಬಸದಿಗಳನ್ನು ಮತ್ತೆ ನಿಲ್ಲಿಸಿದುದಕ್ಕಾಗಿಯೂ ಹೌದು. ಆದರೆ ಇಂದು ದಾನಿಯ ಮನಸ್ಸು ಹೊಸತರತ್ತಲೇ ಹರಿಯುತ್ತದೆ. ಹೊಸ ಕಟ್ಟಡದ ಮೇಲೆ ಹೆಸರನ್ನು ಕೆತ್ತಿಸಬಹುದು. ಒಡೆದ ಹಂಚನ್ನು ಬದಲಿಸಿದವನ ಹೆಸರನ್ನು ಕೆತ್ತುವವರಾರು?

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಪುದ್ಗಲವೆಲ್ಲವೂ ಉತ್ಪಾದ-ವ್ಯಯಗಳಿಗೆ ಒಳಪಟ್ಟಿರುವಾಗ, ಅಪರಿಗ್ರಹವನ್ನು ವ್ರತವಾಗಿ ಹಿಡಿದ ಶ್ರಾವಕನು ಕಲ್ಲುಮರಗಳಿಗೇಕೆ ಅಂಟಿಕೊಳ್ಳಬೇಕು? ಸಮಾಧಾನವಿಷ್ಟೆ: ಪರಿಗ್ರಹವೆಂದರೆ ಮೂರ್ಛೆ, 'ನನ್ನದು' ಎಂಬ ಮಮಕಾರ. ಪೂರ್ವಜರು ಬಿಟ್ಟುಹೋದ ಬಸದಿಯಾಗಲಿ ಗುತ್ತಿನಮನೆಯಾಗಲಿ ನಮ್ಮದಲ್ಲ, ನಮ್ಮಲ್ಲಿ ಇಟ್ಟ ನ್ಯಾಸ. ನ್ಯಾಸವನ್ನು ಕಾಯುವುದು ಲೋಭವಲ್ಲ. ಅದನ್ನು ಕೆಡಲು ಬಿಡುವುದು ವೈರಾಗ್ಯವೂ ಅಲ್ಲ.

ತುಳುನಾಡಿನ ಮನೆಗಳು ಹಾಳಾದುದಕ್ಕೆ ಕಾರಣಗಳಿವೆ. 1949ರ ಅಳಿಯಸಂತಾನ ಕಾಯಿದೆಯ ಬಳಿಕ ಕುಟುಂಬಗಳು ಪಾಲಾದವು. 1974ರ ಭೂಸುಧಾರಣೆಯಿಂದ ಉಳುವವನಿಗೆ ನ್ಯಾಯ ದೊರೆಯಿತು. ಅದರೊಡನೆ ದೊಡ್ಡ ಮನೆಗಳನ್ನೂ ಬಸದಿಗಳನ್ನೂ ಪೋಷಿಸುತ್ತಿದ್ದ ಗೇಣಿಯೂ ನಿಂತಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಒಂದು ಹಂಚು ಸರಿದರೆ ಸಾಕು. ಪಕಾಸು ಕೊಳೆಯುತ್ತದೆ, ತೊಲೆ ಜಗ್ಗುತ್ತದೆ, ಮಣ್ಣಿನ ಗೋಡೆ ಕರಗುತ್ತದೆ. ಕಾರ್ಕಳದಲ್ಲಿ 1432ರ ಗೊಮ್ಮಟನೂ 1586ರ ಚತುರ್ಮುಖ ಬಸದಿಯೂ ಶಿಲೆಯವಾದ್ದರಿಂದ ತಾಳಿಕೊಂಡವು. ಮರಕ್ಕೆ ಆ ತಾಳ್ಮೆಯಿಲ್ಲ.

ಇಂತಹ ಕಾಲದಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಮಾಡಿದ ಕಾರ್ಯ ಚಿಂತನೀಯವಾದುದು. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು, ಕೆಡವಿ ಮಾರಲ್ಪಡುತ್ತಿದ್ದ ಮನೆಗಳ ಕಂಬ, ಬಾಗಿಲುಗಳನ್ನು ಸಂಗ್ರಹಿಸಿ ಮೊದಲು 'ಹಸ್ತಶಿಲ್ಪ'ವೆಂಬ ಮನೆಯನ್ನು ಕಟ್ಟಿದರು; ಅನಂತರ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ಜೋಡಿಸಿ ಪಾರಂಪರಿಕ ಗ್ರಾಮವನ್ನು ನಿರ್ಮಿಸಿದರು. ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನಮನೆ, ಮುಧೋಳದ ದರ್ಬಾರು, ಕುಕನೂರಿನ ಕಮಲಮಹಲು, ಇವೆಲ್ಲ ಅಲ್ಲಿ ನಿಂತಿವೆ. 2017ರಲ್ಲಿ ಅವರು ತೀರಿಕೊಂಡರು. ಅವರು ಉಳಿಸಿದ ಮನೆಗಳು ಉಳಿದಿವೆ.

ನೆಲದಿಂದ ಕಿತ್ತ ಮನೆ ಮನೆಯೇ ಎಂದು ಕೇಳಬಹುದು. ಚಾವಡಿ ಬಂದೀತು, ಅದರೆದುರಿನ ಗದ್ದೆ ಬಾರದು; ಬಾಗಿಲು ಬಂದೀತು, ಅದನ್ನು ದಾಟಿ ಬಂದ ಮದುಮಗಳ ಸಂತತಿ ಬಾರದು. ಅನೇಕಾಂತದ ದೃಷ್ಟಿಯಿಂದ ನೋಡಿದರೆ ಎರಡು ಮಾತೂ ನಿಜ: ಅದು ಆ ಮನೆಯೇ ಹೌದು, ಆ ಮನೆಯಲ್ಲದುದೂ ಹೌದು. ಸೌದೆಯಾಗಿ ಉರಿದುಹೋಗುವುದಕ್ಕಿಂತ ಸ್ಥಳಾಂತರವೇ ಲೇಸು. ಆದರೆ ಅದು ಕೊನೆಯ ಚಿಕಿತ್ಸೆ, ಮೊದಲನೆಯದಲ್ಲ. ಬಸದಿಯ ವಿಷಯದಲ್ಲಂತೂ ಸ್ಥಳವೂ ಪೂಜ್ಯವೇ. ವರಂಗದ ಕೆರೆಬಸದಿಯನ್ನು ಕೆರೆಯಿಂದ ಬೇರ್ಪಡಿಸಿ ಯಾರು ಊಹಿಸಬಲ್ಲರು?

ನಮ್ಮ ಧರ್ಮಕ್ಕೆ ವಿಶೇಷವಾದ ಇನ್ನೊಂದು ಪ್ರಶ್ನೆಯಿದೆ. ಪಾಳುಕಟ್ಟಡವು ಬಾವಲಿ, ಜೇನು, ಗೆದ್ದಲು, ಅಶ್ವತ್ಥದ ಸಸಿ, ಇಂತಹ ಅಸಂಖ್ಯ ಜೀವಗಳ ನೆಲೆಯಾಗಿರುತ್ತದೆ. ಅದನ್ನು ಉದ್ಧರಿಸಹೊರಟವನು ಹಿಂಸೆಗೆ ಕೈಯಿಕ್ಕದೆ ಇರಲಾರ. ಹಾಗಾದರೆ ಬಿಟ್ಟುಬಿಡುವುದೇ ಅಹಿಂಸೆಯೇ? ಅಲ್ಲ. ಪ್ರಮಾದಯೋಗದಿಂದ ಆಗುವ ಪ್ರಾಣಹರಣವೇ ಹಿಂಸೆಯೆಂದು ಆಗಮಜ್ಞರು ಹೇಳುತ್ತಾರೆ. ದಿನವೂ ಮೃದುವಾಗಿ ಗುಡಿಸುವ ಬಸದಿಯಲ್ಲಿ ಗೆದ್ದಲು ಹುತ್ತ ಕಟ್ಟದು, ಬೇರು ಗೋಡೆಯನ್ನು ಹೊಗದು. ನಲವತ್ತು ವರ್ಷ ನಾವು ಮೈಮರೆತುದರಿಂದಲೇ ಇಂದು ಕೊಡಲಿ, ವಿಷಗಳ ಅಗತ್ಯ ಬಂದಿದೆ. ಆ ಹಿಂಸೆಯ ಭಾರ ದುರಸ್ತಿ ಮಾಡುವ ಆಚಾರಿಯ ಮೇಲಲ್ಲ, ಕಡೆಗಣಿಸಿದ ನಮ್ಮೆಲ್ಲರ ಮೇಲಿದೆ.

ಆದ್ದರಿಂದ ಆಡಳಿತ ಮಂಡಳಿಗಳು ಗಮನಿಸಬೇಕಾದುದು ಅಲ್ಪ, ಆದರೆ ನಿತ್ಯ. ಪ್ರತಿ ಮಳೆಗಾಲಕ್ಕೆ ಮುನ್ನ ಮಾಡನ್ನು ಪರೀಕ್ಷಿಸಲಿ. ಮಣ್ಣು, ಮುರಕಲ್ಲಿನ ಗೋಡೆಗೆ ಉಸಿರುಗಟ್ಟಿಸುವ ಸಿಮೆಂಟನ್ನು ಮೆತ್ತದೆ ಸುಣ್ಣದ ಗಾರೆಯನ್ನೇ ಬಳಸಲಿ. ಕೆತ್ತನೆಯ ಮೇಲೆ ಎಣ್ಣೆಬಣ್ಣ ಬಳಿಯದಿರಲಿ. ಜೀರ್ಣೋದ್ಧಾರದ ಹೆಸರಿನಲ್ಲಿ ಕೆಡವಿ ಕಟ್ಟುವುದು ಉದ್ಧಾರವಲ್ಲ. ದಾನಿಗಳು ಕಟ್ಟಡಕ್ಕಷ್ಟೇ ಅಲ್ಲ, ಅದರ ಪೋಷಣೆಗೂ ನಿಧಿಯಿಡಲಿ. ಹಿಂದಿನವರು ಬಸದಿಯೊಡನೆ ಭೂಮಿಯನ್ನೂ ಬಿಡುತ್ತಿದ್ದುದರ ಅರ್ಥ ಅದೇ ಆಗಿತ್ತು.

ಕಟ್ಟಿಸಿದವನಿಗೆ ಕೀರ್ತಿಯುಂಟು. ಕಾಯುವವನಿಗೆ ಅದು ದೊರೆಯದೆ ಹೋಗಬಹುದು. ಅವನಿಗೆ ದೊರೆಯುವುದು ಅಪ್ರಮಾದದ ಅಭ್ಯಾಸ. ಶ್ರಾವಕನಿಗೆ ಹೆಚ್ಚು ಬೆಲೆಯುಳ್ಳದ್ದು ಯಾವುದೆಂಬುದನ್ನು ಹೇಳಬೇಕಾಗಿಲ್ಲ.