ಉಪಭೋಗ ಪರಿಮಾಣವೂ ನಮ್ಮ ಮನೆಯ ಗೋಡೆಗಳೂ



ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೆಂಬುದೊಂದು. ಒಮ್ಮೆ ಬಳಸಿದೊಡನೆ ತೀರಿಹೋಗುವ ಅನ್ನ, ಪಾನ, ಗಂಧ, ಪುಷ್ಪಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರ, ಹಾಸಿಗೆ, ಪೀಠ, ಮನೆ ಇವು ಉಪಭೋಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳ ಸಾಲಿನಲ್ಲಿಟ್ಟಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಇದೇ ವ್ರತವು ಉಪಭೋಗ-ಪರಿಭೋಗವೆಂಬ ಹೆಸರಿನಿಂದ ಬರುತ್ತದೆ. ಹೆಸರು ಬೇರೆಯಾದರೂ ಭಾವ ಒಂದೇ.

ಈ ವ್ರತದ ಮೊದಲನೆಯ ಅರ್ಧವನ್ನು ನಮ್ಮ ಸಮಾಜ ಚೆನ್ನಾಗಿ ಕಾಪಾಡಿಕೊಂಡು ಬಂದಿದೆ. ಕಂದಮೂಲ ತ್ಯಾಗ, ರಾತ್ರಿಭೋಜನ ತ್ಯಾಗ, ಸೋಸಿದ ನೀರು, ಅಷ್ಟಮಿ ಚತುರ್ದಶಿಗಳ ಉಪವಾಸ, ನೋಂಪಿಗಳು—ಇವುಗಳಲ್ಲಿ ನಮ್ಮ ತಾಯಂದಿರ ನಿಷ್ಠೆ ವಂದನೀಯವಾದುದು. ಆದರೆ ಎರಡನೆಯ ಅರ್ಧ ಮರೆತಂತಾಗಿದೆ. ತಟ್ಟೆಗೆ ಬೀಳುವ ಪ್ರತಿಯೊಂದು ಕಾಳನ್ನೂ ಆರಿಸಿ ನೋಡುವ ನಾವು, ಮನೆಯ ಗೋಡೆಗೆ ಬಳಿಯುವ ಬಣ್ಣವನ್ನೂ ಕಪಾಟಿಗೆ ತರುವ ಹಲಗೆಯನ್ನೂ ನೋಡದೆಯೇ ಕೊಳ್ಳುತ್ತೇವೆ. ಊಟದ ದೋಷ ಆ ದಿನದ್ದು. ಗೋಡೆಯ ದೋಷವಾದರೋ ಇಪ್ಪತ್ತು ವರ್ಷಗಳದ್ದು.

ಪ್ರೋಷಧೋಪವಾಸದ ಅತಿಚಾರಗಳನ್ನು ನೆನಪಿಗೆ ತಂದುಕೊಳ್ಳಿ. ಕಣ್ಣಿನಿಂದ ನೋಡದೆ, ಮೃದುವಾದ ಉಪಕರಣದಿಂದ ಒರೆಸದೆ ನೆಲದ ಮೇಲೆ ವಸ್ತುವನ್ನು ಇಡುವುದು, ತೆಗೆಯುವುದು, ಹಾಸಿಗೆ ಹಾಸುವುದು—ಇವು ದೋಷಗಳೆಂದು ಆಚಾರ್ಯರು ಎಣಿಸಿದ್ದಾರೆ. ಹಾಸುವ ಮುನ್ನ ನೋಡು ಎಂಬುದೇ ಇದರ ತಾತ್ಪರ್ಯ. ಈಗ ಒಬ್ಬ ತಾಯಿ ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದಿದ್ದಾಳೆ ಎಂದಿಟ್ಟುಕೊಳ್ಳೋಣ. ಹಬ್ಬಕ್ಕೆಂದು ಮನೆಗೆ ಹೊಸದಾಗಿ ಎಣ್ಣೆಬಣ್ಣ ಬಳಿದಿದೆ. ಹೊರಗೆ ಭಾದ್ರಪದದ ಮಳೆ, ಕಿಟಕಿ ಮುಚ್ಚಿದೆ. ಆಕೆ ನೆಲವನ್ನು ಒರೆಸಿ, ಚಾಪೆ ಹಾಸಿ, ಬರಿಹೊಟ್ಟೆಯಲ್ಲಿ ಆ ಕೋಣೆಯಲ್ಲಿ ಮಲಗಿ ರಾತ್ರಿಯೆಲ್ಲ ಆ ದ್ರಾವಕದ ಆವಿಯನ್ನು ಉಸಿರಾಡುತ್ತಾಳೆ. ಮಗ್ಗುಲಲ್ಲಿ ಮೊಮ್ಮಗು ಇದೆ. ಅವಳ ಕಡೆಯಿಂದ ಪ್ರಮಾರ್ಜನವೇನೋ ಆಯಿತು. ಆದರೆ ಮನೆಯ ಯಜಮಾನನು ಅಂಗಡಿಯಲ್ಲಿ ಮಾಡಬೇಕಾಗಿದ್ದ ಪ್ರತ್ಯವೇಕ್ಷಣ ಆಗಲಿಲ್ಲ. ನೋಡಿ ಹಾಸುವ ಈ ವಿವೇಕವನ್ನು ಅಂಗಡಿಯವರೆಗೆ, ಗೌಂಡಿಯ ಕೆಲಸದವರೆಗೆ, ಬಡಿಗನ ಉಳಿಯವರೆಗೆ ಒಯ್ಯಬೇಕೆಂಬುದೇ ಈ ಲೇಖನದ ವಿಜ್ಞಾಪನೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಮನೆಗಳನ್ನು ಬಲ್ಲವರಿಗೆ ಅವುಗಳ ಕಟ್ಟಡ ಹೊಸತಲ್ಲ. ದಪ್ಪ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಗೋಡೆಯಲ್ಲೇ ಗೂಡುಗಳು, ಕೆಳಗೆ ಶಹಾಬಾದಿ ಫರಸಿ ಅಥವಾ ಸಗಣಿ ಸಾರಿಸಿದ ನೆಲ, ವರ್ಷಕ್ಕೊಮ್ಮೆ ಸುಣ್ಣ. ಇಂದು ಆ ಸ್ಥಾನಕ್ಕೆ ಸಿಮೆಂಟು, ಪ್ಲಾಸ್ಟಿಕ್ ಬಣ್ಣ, ಪ್ಲೈವುಡ್ ಕಪಾಟು, ಕಲ್ನಾರಿನ ತಗಡು ಬಂದಿವೆ. ಹಳೆಯದೆಲ್ಲ ಧರ್ಮ, ಹೊಸದೆಲ್ಲ ಅಧರ್ಮ ಎಂದು ಹೇಳುವುದು ಏಕಾಂತವಾದವಾಗುತ್ತದೆ. ಹಳೆಯ ಮಣ್ಣುಗೋಡೆಯ ಬಿರುಕಿನಲ್ಲಿ ತಿಗಣೆ, ಚೇಳುಗಳಿಗೆ ಆಶ್ರಯವಿತ್ತು. ಸದಾ ಹಸಿಯಾದ ಸಗಣಿಯ ನೆಲದಲ್ಲಿ ಜೀವೋತ್ಪತ್ತಿಗೆ ಅವಕಾಶವಿತ್ತು. ಆದುದರಿಂದ ವಸ್ತುವಿನ ವಯಸ್ಸನ್ನು ಕೇಳದೆ ನಾಲ್ಕು ಪ್ರಶ್ನೆಗಳಿಂದ ಅದನ್ನು ಪರೀಕ್ಷಿಸುವುದು ಯೋಗ್ಯ.

ಮೊದಲನೆಯ ಪ್ರಶ್ನೆ: ಇದು ವಿಷವೇ?

ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನ ಒಂದು. ವಿಷ, ಶಸ್ತ್ರ, ಅಗ್ನಿ ಮುಂತಾದ ಘಾತಕ ವಸ್ತುಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ತನ್ನ ಮಕ್ಕಳ ಕೋಣೆಗೆ ತಾನೇ ವಿಷವನ್ನು ತಂದಿಡುವುದನ್ನು ಏನೆಂದು ಕರೆಯಬೇಕು?

ಬಣ್ಣದಲ್ಲಿ ಸೀಸವಿರುವುದುಂಟು. ಹೊಳಪಿಗಾಗಿ, ಬೇಗ ಒಣಗುವುದಕ್ಕಾಗಿ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೆಂಪು, ಹಸಿರುಗಳಲ್ಲಿ ಸೀಸದ ಸಂಯುಕ್ತಗಳನ್ನು ಬಹುಕಾಲ ಬೆರೆಸುತ್ತಿದ್ದರು. ಸೀಸ ಮಗುವಿನ ಬೆಳೆಯುತ್ತಿರುವ ಮೆದುಳಿಗೆ ಹಾನಿಮಾಡುತ್ತದೆ. ಇಷ್ಟರವರೆಗೆ ನಿರಪಾಯ ಎಂಬ ಮಿತಿಯೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತ ಸರಕಾರವು 2016ರಲ್ಲಿ ನಿಯಮ ಹೊರಡಿಸಿ, ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗದಲ್ಲಿ 90 ಭಾಗವನ್ನು ಮೀರಬಾರದೆಂದು ಗೊತ್ತುಪಡಿಸಿತು. ಅದು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಆದುದರಿಂದ ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ಆದರೆ ಹೆಚ್ಚಿನ ಭಯವಿರುವುದು ಹಳೆಯ ಬಾಗಿಲು ಚೌಕಟ್ಟುಗಳಲ್ಲಿ. ದೀಪಾವಳಿಯ ಸಮಯಕ್ಕೆ ಅವುಗಳ ಬಣ್ಣವನ್ನು ಒಣಗಿದಂತೆಯೇ ಕೆರೆಸುತ್ತೇವೆ. ಆ ಪುಡಿ ನೆಲಕ್ಕೆ ಬಿದ್ದು, ಅಂಬೆಗಾಲಿಡುವ ಕೂಸಿನ ಕೈಯಿಂದ ಬಾಯಿಗೆ ಹೋಗುತ್ತದೆ. ಕೆಡವಿದ ಮನೆಯ ಬಣ್ಣದ ಕಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸುವ ರೂಢಿಯೂ ಉಂಟು. ಅದರ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಸೀಸವಿರುತ್ತದೆ. ಕೆರೆಯಲೇಬೇಕಾದರೆ ನೀರು ಸವರಿ ಕೆರೆಯಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು. ಬಣ್ಣದ ಕಟ್ಟಿಗೆಯನ್ನು ಎಂದಿಗೂ ಸುಡಬಾರದು.

ಪ್ಲೈವುಡ್ ಮತ್ತು ಪುಡಿಕಟ್ಟಿಗೆಯ ಹಲಗೆಗಳನ್ನು ಅಂಟಿಸಲು ಬಳಸುವ ರಾಳದಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊರಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಉಷ್ಣತೆ ಏರಿದಷ್ಟೂ ಈ ಅನಿಲ ಹೆಚ್ಚು ಹೊರಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕಲ್ನಾರಿನ ತಗಡನ್ನು ಕೊರೆದಾಗ, ಒಡೆದಾಗ ಏಳುವ ಸೂಕ್ಷ್ಮ ಎಳೆಗಳೂ ಶ್ವಾಸಕೋಶಕ್ಕೆ ಘಾತಕವೆಂದು ಸಿದ್ಧಪಟ್ಟಿದೆ.

ಎರಡನೆಯ ಪ್ರಶ್ನೆ: ಇದು ಯಾವ ಜೀವದಿಂದ ಬಂದಿತು?

ಇಲ್ಲಿ ಶ್ರಾವಕನ ಮಾರ್ಗ ಲೋಕದ ಮಾರ್ಗಕ್ಕಿಂತ ಒಂದು ಹೆಜ್ಜೆ ಮುಂದಿದೆ. ನೈಸರ್ಗಿಕ, ನಿರ್ವಿಷ ಎಂಬ ಮಾತು ಕೇಳಿದೊಡನೆ ಲೋಕವು ಸಮಾಧಾನ ಹೊಂದುತ್ತದೆ. ನಾವು ಹೊಂದುವಂತಿಲ್ಲ. ಅರಗಿನ ಮೆರುಗು ಮನುಷ್ಯನಿಗೆ ನಿರಪಾಯವಾದುದೇ ಸರಿ; ಆದರೆ ಅದು ಕೊಂಬೆಗೆ ಅಂಟಿಕೊಂಡು ಬದುಕುವ ಅರಗಿನ ಹುಳಗಳ ಸ್ರಾವ; ಆ ಕೊಂಬೆಯನ್ನು ಕೆರೆದು ಕಾಯಿಸುವಾಗ ಅಸಂಖ್ಯ ಹುಳಗಳು ಸಾಯುತ್ತವೆ. ಲಾಕ್ಷಾವಾಣಿಜ್ಯವನ್ನು ವಿಷವಾಣಿಜ್ಯದ ಜೊತೆಯಲ್ಲಿಯೇ ಹದಿನೈದು ಖರಕರ್ಮಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ. ಚರ್ಮ, ಎಲುಬುಗಳನ್ನು ಬೇಯಿಸಿ ತೆಗೆದ ಅಂಟನ್ನು ಬಡಿಗರು ಬಳಸುತ್ತಿದ್ದರು. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಕನ್ನಡಿಯಂತೆ ಹೊಳೆಯುವ ಸುಣ್ಣದ ಗಾರೆಗೆ ಮೊಟ್ಟೆಯ ಬಿಳಿಯನ್ನು ಬೆರೆಸುತ್ತಿದ್ದರು. ಅದನ್ನೇ ಪರಿಸರಸ್ನೇಹಿ ಗಾರೆಯೆಂದು ಇಂದು ಹೊಗಳುವವರಿದ್ದಾರೆ. ಇಂಥಲ್ಲಿ ಕೇಳಿ ತಿಳಿಯದೆ ಒಪ್ಪಬಾರದು.

ಬದಲಿಗೆ ಏನುಂಟು? ನಮ್ಮ ಎರೆಭೂಮಿಯಲ್ಲಿ ಬೆಳೆಯುವ ಅಗಸೆಯ ಎಣ್ಣೆಯೇ ಉಂಟು. ಅದು ಗಾಳಿಯ ಆಮ್ಲಜನಕವನ್ನು ಹೀರಿ ಕಟ್ಟಿಗೆಯ ಮೇಲೆ ಗಟ್ಟಿಯಾದ ಪದರವಾಗುತ್ತದೆ. ತೆಳ್ಳಗೆ ಸವರಿ, ಒಣಗಲು ಬಿಟ್ಟು, ಮತ್ತೊಮ್ಮೆ ಸವರಿದರೆ ಬಾಗಿಲಿಗೆ ಬೇರೆ ಮೆರುಗು ಬೇಡ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಕಾದು ಉರಿಯುವ ಸಂಭವವಿದೆ, ಹರವಿ ಒಣಗಿಸಬೇಕು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಜನವರಿಯಲ್ಲಿ ಸಗಣಿಯಿಂದ ತಯಾರಿಸಿದ ಗೋಡೆಬಣ್ಣವನ್ನು ಹೊರತಂದಿತು. ಅದೂ ಪರಿಶೀಲನೆಗೆ ಯೋಗ್ಯ.

ಮೂರನೆಯ ಪ್ರಶ್ನೆ: ಇದರಿಂದ ಮುಂದೆ ಜೀವಹಿಂಸೆ ಹುಟ್ಟುವುದೇ?

ಮಣ್ಣು, ಕಲ್ಲಿನ ದಪ್ಪ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟಿನಲ್ಲಿ ಅನಂತ ಜೀವರಾಶಿಯಿದೆಯೆಂದು ನಮ್ಮ ಆಗಮ ಹೇಳುತ್ತದೆ. ಅದರಿಂದ ಉಸಿರಾಟದ ರೋಗ ಬರುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮೊದಲು ಹುಟ್ಟಿಸುವುದು, ಅನಂತರ ಕೊಲ್ಲುವುದು—ಇದು ಎರಡು ಪಟ್ಟು ಪಾಪ. ಸುಣ್ಣವು ತೇವವನ್ನು ಹೊರಬಿಡುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟು ನೆಲೆಯೂರಲಾರದು. ಅಡಿಪಾಯದ ಮಣ್ಣಿಗೆ ಗೆದ್ದಲಿನ ವಿಷವನ್ನು ಸುರಿಯುವುದೂ ಇಂಥದೇ. ತೊಗರಿಗೆ ಹೊಡೆಯುವ ‘ಎಣ್ಣೆ’ಯ ಜಾತಿಯ ರಸಾಯನವನ್ನೇ ನಾವು ಮಲಗುವ ನೆಲದ ಕೆಳಗೆ ಹಾಕಿ, ತ್ರೀಂದ್ರಿಯ ಜೀವಿಗಳನ್ನು ರಾಶಿರಾಶಿಯಾಗಿ ಕೊಲ್ಲುತ್ತೇವೆ. ಕಪಾಟನ್ನು ಕಟ್ಟಿಗೆಯ ಬದಲು ಗೋಡೆಯ ಗೂಡಿನಲ್ಲಿ ಶಹಾಬಾದಿ ಕಲ್ಲಿನ ಹಲಗೆ ಕೂಡಿಸಿ ಮಾಡಿದರೆ ಗೆದ್ದಲಿಗೆ ಆಹಾರವಿಲ್ಲ, ನಮಗೆ ಕೊಲ್ಲುವ ಕಾರಣವಿಲ್ಲ, ಅಂಟಿನ ಅನಿಲವೂ ಇಲ್ಲ. ಎರೆಮಣ್ಣು ಉಬ್ಬಿ ಕುಗ್ಗಿ ನೆಲ ಬಿರಿಯುವ ನಮ್ಮ ಊರುಗಳಲ್ಲಿ ಫರಸಿಯನ್ನು ಎತ್ತಿ ಮತ್ತೆ ಕೂಡಿಸಬಹುದು. ಸಂದುಗಳನ್ನು ಸುಣ್ಣದ ಗಾರೆಯಿಂದ ತುಂಬಿದರೆ ಇರುವೆ, ತಿಗಣೆಗಳು ಮನೆಮಾಡುವುದಿಲ್ಲ.

“ಸುಣ್ಣವೂ ಸುಟ್ಟದ್ದೇ, ಕಲ್ಲೂ ಅಗೆದದ್ದೇ, ಪೃಥ್ವೀಕಾಯದ ಹಿಂಸೆ ಅಲ್ಲಿಲ್ಲವೇ ಗುರುಗಳೇ?” ಎಂದು ಯುವಕರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಉಷ್ಣತೆಯಲ್ಲಿ ಸುಡಬೇಕು. ಅಲ್ಲಿ ಪೃಥ್ವಿ, ಅಗ್ನಿ, ವಾಯುಕಾಯಗಳ ವಿರಾಧನೆ ಇದ್ದೇ ಇದೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಆದರೆ ತಪ್ಪದು ಎಂಬುದಕ್ಕೂ ಎಷ್ಟಾದರೂ ಆಗಬಹುದು ಎಂಬುದಕ್ಕೂ ಭೂಮ್ಯಾಕಾಶಗಳ ಅಂತರವಿದೆ. ತ್ರಸಜೀವಿಗಳ ಘಾತವನ್ನು ತಪ್ಪಿಸಿ, ಸ್ಥಾವರಹಿಂಸೆಯನ್ನು ಅಗತ್ಯಕ್ಕೆ ಮಿತಗೊಳಿಸುವುದೇ ಅಣುವ್ರತ. ಕೆಡವಿದ ಮನೆಯ ಫರಸಿ, ತೊಲೆ, ಬಾಗಿಲುಗಳನ್ನು ತಂದು ಬಳಸಿದರೆ ಹೊಸ ಗಣಿ ಬೇಡ, ಹೊಸ ಮರದ ಬುಡಕ್ಕೆ ಕೊಡಲಿ ಬೇಡ. ಅನಾವಶ್ಯಕವಾಗಿ ನೆಲ ಅಗೆಯುವುದು, ಮರ ಕಡಿಯುವುದು ಪ್ರಮಾದಚರ್ಯೆಯೆಂಬುದನ್ನು ನೆನೆಯಬೇಕು.

ನಾಲ್ಕನೆಯ ಪ್ರಶ್ನೆ: ಇದು ಬೇಕೇ?

ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಗಟ್ಟಿಯಾದ ನೆಲವನ್ನು ಕಿತ್ತು ಹೊಳೆಯುವ ಬಿಲ್ಲೆ ಹಾಕಿಸುವುದು, ಮದುವೆಯ ನಾಲ್ಕು ದಿನಗಳ ಶೋಭೆಗಾಗಿ ಸುಳ್ಳು ಛತ್ತು ಕಟ್ಟಿಸುವುದು, ಅದಕ್ಕಾಗಿ ಮುಂದಿನ ತೊಗರಿಯ ಬೆಲೆಯನ್ನು ನಂಬಿ ಸಾಲ ಮಾಡುವುದು—ಇವುಗಳಿಂದ ಮನೆಗೆ ಬರುವ ವಿಷ ಬಣ್ಣದ್ದು ಮಾತ್ರವಲ್ಲ. ತೊಗರಿಯ ಬೆಲೆ ಕುಸಿದ ವರ್ಷ ಆ ಹೊಳಪಿನ ಕೆಳಗೆ ಕುಳಿತು ಯಾರಿಗೂ ಸಾಮಾಯಿಕ ಸಾಧ್ಯವಾಗದು. ತರದೆ ಇರುವ ವಸ್ತುವಿನಷ್ಟು ನಿರ್ವಿಷವಾದ ವಸ್ತು ಬೇರೊಂದಿಲ್ಲ.

ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದ ಕರ್ಮಾಸ್ರವವಾಗುತ್ತದೆಂಬುದನ್ನು ಇಲ್ಲಿ ಮರೆಯಬಾರದು. ಬಣ್ಣ ಕೆರೆಯುವವನು, ಕಲ್ಲು ಕೊಯ್ಯುವವನು, ಸುಣ್ಣ ಬಳಿಯುವವಳು ಸೇವಿಸುವ ಧೂಳು ನಮ್ಮ ಕಾರಿತ. ಕಣ್ಣಿಗೆ ಸುಣ್ಣ ಸಿಡಿಯದಂತೆ ಕನ್ನಡಕ, ಮೂಗಿಗೆ ಬಟ್ಟೆ, ಕೈಗೆ ಚೀಲ, ಕೊಯ್ಯುವ ಕಲ್ಲಿಗೆ ನೀರು—ಇವನ್ನು ಒದಗಿಸುವುದು ದಯೆಯ ಕನಿಷ್ಠ ಕರ್ತವ್ಯ.

ಉಪಭೋಗದ ಮಿತಿಯನ್ನು ಯಾವಜ್ಜೀವ ಹಿಡಿದರೆ ಯಮ, ಕಾಲಮಿತಿಯಿಂದ ಹಿಡಿದರೆ ನಿಯಮ. ಶಕ್ತಿಗನುಸಾರವಾಗಿ ಈ ಕೆಳಗಿನವುಗಳಲ್ಲಿ ಒಂದೆರಡನ್ನಾದರೂ ಹಿಡಿಯಬಹುದು:

1. ಚಾತುರ್ಮಾಸದ ನಾಲ್ಕು ತಿಂಗಳು ಮನೆಗೆ ಬಣ್ಣ ಬಳಿಯದಿರುವುದು. ಗಾಳಿ, ಬಿಸಿಲು ದೊರೆಯುವ ಕಾಲದಲ್ಲಿ ಮಾತ್ರ ಬಳಿದು, ಕಿಟಕಿಗಳನ್ನು ತೆರೆದು, ವಾಸನೆ ಪೂರ್ತಿ ಹೋಗುವವರೆಗೆ ಆ ಕೋಣೆಯಲ್ಲಿ ಮಲಗದಿರುವುದು.

2. ಮಲಗುವ ಕೋಣೆ ಮತ್ತು ದೇವರ ಕೋಣೆಗಳಿಗೆ ಸುಣ್ಣವನ್ನೇ ಬಳಸುವುದು. ಸುಣ್ಣವನ್ನು ಸೋಸಿದ ನೀರಿನಲ್ಲಿ ಅರಳಿಸಿ, ಹುಳ ಬೀಳದಂತೆ ಪಾತ್ರೆಯನ್ನು ಮುಚ್ಚುವುದು.

3. ಅರಗು, ಚರ್ಮ, ರೇಷ್ಮೆ, ಎಲುಬಿನ ಅಂಟುಗಳಿಂದಾದ ಅಲಂಕಾರವನ್ನು ಬಿಡುವುದು.

4. ಹೊಲದ ಕೀಟನಾಶಕದ ಡಬ್ಬಿಗಳನ್ನು ವಾಸದ ಮನೆಯೊಳಗೆ, ಕಾಳಿನ ಚೀಲಗಳ ಬಳಿ ಇಡದಿರುವುದು.

5. ಒಂದು ಹೊಸ ಪೀಠೋಪಕರಣ ತರುವ ಮುನ್ನ ಇದ್ದುದನ್ನು ದುರಸ್ತಿ ಮಾಡಿಸಿ ನೋಡುವುದು.

ಬಂಧುಗಳೇ, ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದೆಂದು ಹಿರಿಯರು ಅರ್ಥ ಹೇಳಿದ್ದಾರೆ. ಅನ್ನವನ್ನು ಒಂದು ದಿನ ಬಿಡಬಹುದು. ಉಸಿರನ್ನು ಒಂದು ಗಳಿಗೆಯೂ ಬಿಡಲಾಗದು. ಹಾಗಿರುವಾಗ ಉಪವಾಸಿಯ ಉಸಿರಿಗೆ ವಿಷ ಬೆರೆಯದಂತೆ, ಅವಳ ಚಾಪೆಯ ಕೆಳಗೆ ಜೀವಘಾತವಾಗದಂತೆ ಮನೆಯನ್ನು ಸಿದ್ಧಪಡಿಸುವುದು ಆಕೆಯ ತಪಸ್ಸಿಗೆ ಮನೆಯವರೆಲ್ಲರೂ ಸಲ್ಲಿಸಬಹುದಾದ ವೈಯಾವೃತ್ಯ. ಮುಂದಿನ ಸಲ ಗೌಂಡಿಯನ್ನೋ ಬಡಿಗನನ್ನೋ ಕರೆಯುವ ಮುನ್ನ ಮನೆಮಂದಿ ಒಟ್ಟಿಗೆ ಕುಳಿತು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಸರ್ವ ಜೀವಿಗಳಿಗೂ ಕ್ಷೇಮವಾಗಲಿ.

ಜೈ ಜಿನೇಂದ್ರ.