ಯೇಸುಸ್ವಾಮಿಯ ಮಣ್ಣಿಗೆ ಹೋದವರು

ಶಿಲುಬೆ ಹಾದಿಯ ಹದಿನಾಲ್ಕನೇ ಸ್ಥಳದ ಧ್ಯಾನ

ಬೆಟ್ಟ ಹತ್ತುವ ಯಾತ್ರಿಕರು ಶಿಲುಬೆ ಹಾದಿಯ ಹನ್ನೆರಡನೇ ಸ್ಥಳದಲ್ಲಿ ಮೊಣಕಾಲೂರಿ ಕಣ್ಣೀರು ಹಾಕುತ್ತಾರೆ. ಹದಿಮೂರನೆಯದರಲ್ಲಿ ಮಗನ ಶವವನ್ನು ಮಡಿಲಲ್ಲಿ ಇಟ್ಟುಕೊಂಡ ಮಾತೆ ಮರಿಯಮ್ಮನವರನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ಹದಿನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ, ಮಕ್ಕಳು ನೀರು ಕೇಳುತ್ತಿರುತ್ತವೆ. "ಮುಗೀತಲ್ಲ, ಇನ್ನೇನೈತೆ, ನಡೀರಿ" ಎಂದು ಸಮಾಧಿಯ ಮುಂದೆ ಅವಸರದಲ್ಲಿ ಒಂದು ಮೇಣದಬತ್ತಿ ಹಚ್ಚಿ ಹೊರಟುಬಿಡುತ್ತಾರೆ.

ಆದರೆ ಧರ್ಮಸಭೆ ಈ ಹಾದಿಯನ್ನು ಶಿಲುಬೆಯ ಬುಡದಲ್ಲಿ ನಿಲ್ಲಿಸಲಿಲ್ಲ. 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟರು ಸ್ಥಳಗಳ ಸಂಖ್ಯೆಯನ್ನು ಹದಿನಾಲ್ಕು ಎಂದು ಗೊತ್ತುಮಾಡಿದಾಗ, ಕೊನೆಯ ಸ್ಥಳ ಸಮಾಧಿಯೇ ಆಗಿತ್ತು. ಅದಕ್ಕೂ ಎಷ್ಟೋ ಮೊದಲು, ಸುಮಾರು ಕ್ರಿ.ಶ. 55ರಲ್ಲಿ, ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ವಿಶ್ವಾಸದ ತಿರುಳನ್ನು ಎಣಿಸಿ ಹೇಳುವಾಗ ಕ್ರಿಸ್ತರ ಮರಣ, ಪುನರುತ್ಥಾನಗಳ ನಡುವೆ ಅವರ ಸಮಾಧಿಯನ್ನೂ ಬಿಡದೆ ಸೇರಿಸಿದರು. ಪ್ರತಿ ಭಾನುವಾರ ಹೇಳುವ ವಿಶ್ವಾಸ ಸಂಗ್ರಹದಲ್ಲೂ ಆ ಮಾತು ಉಂಟು. ಸತ್ತರು, ಎದ್ದರು ಎಂದರೆ ಸಾಲದೇ? ಹೂಳಲ್ಪಟ್ಟರು ಎಂಬುದನ್ನೂ ಯಾಕೆ ಹೇಳಬೇಕು?

ಮಣ್ಣಿಗೆ ಹೋಗುವ ನಾಡು

ಇದಕ್ಕೆ ಉತ್ತರ ಹುಡುಕಲು ಕನ್ನಡದ ಒಂದು ಮಾತೇ ಸಾಕು. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಜನ "ಮಣ್ಣಿಗೆ ಹೋಗಿ ಬರ್ತೀವಿ" ಅನ್ನುತ್ತಾರೆ. ಮದುವೆಗೆ ಹೋಗದಿದ್ದರೆ ಮುಯ್ಯಿ ಕಳಿಸಿ ಸುಧಾರಿಸಬಹುದು. ಮಣ್ಣಿಗೆ ಹೋಗದಿದ್ದರೆ ಆ ಮಾತು ತಲೆಮಾರು ಉಳಿಯುತ್ತದೆ. ಮದುವೆಯಲ್ಲಿ ಊಟವಿದೆ, ನಂಟಸ್ತಿಕೆಯಿದೆ, ಲಾಭವಿದೆ. ಮಣ್ಣಿಗೆ ಬಂದವನಿಗೆ ಸಿಗುವುದು ಏನೂ ಇಲ್ಲ. ಸತ್ತವನು ಎದ್ದು ಉಪಕಾರ ತೀರಿಸುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಡೆಯವರಿಗೆ ಈ ಮಾತಿನ ತೂಕ ಚೆನ್ನಾಗಿ ಗೊತ್ತು. ಮ್ಯಾಸ ನಾಯಕರ ಕಟ್ಟೆಮನೆಯ ಊರು ಅದು. ಆ ಸೀಮೆಯಲ್ಲಿ ದೇವರ ಎತ್ತು ಸತ್ತರೆ ಅದನ್ನು ಬಯಲಿಗೆ ಎಳೆದು ಹಾಕುವುದಿಲ್ಲ. ವಾದ್ಯದೊಂದಿಗೆ ಮೆರವಣಿಗೆ ಮಾಡಿ, ಗುಂಡಿ ತೆಗೆದು, ಮನೆಯ ಹಿರಿಯರನ್ನು ಹೂಳುವ ಹಾಗೆ ಹೂಳುತ್ತಾರೆ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಪುರಾತನ ಗೋರಿಗಳು ಕಂಡವು. ಒಳಗೆ ಮೂಳೆಗಳು, ಮಡಕೆಗಳು, ಕಬ್ಬಿಣದ ಹತಾರಗಳು ಇದ್ದವು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಜನರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ತಮ್ಮವರನ್ನು ಅವರು ಮಣ್ಣಿನಲ್ಲೂ ಕೈಬಿಡಲಿಲ್ಲ ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಈ ನೆಲದ ಕಣ್ಣಿನಿಂದ ಶುಭಸಂದೇಶವನ್ನು ಓದಿದರೆ ಮೊದಲು ಏಳುವ ಪ್ರಶ್ನೆ ಇದೇ: ಯೇಸುಸ್ವಾಮಿಯ ಮಣ್ಣಿಗೆ ಯಾರು ಹೋದರು?

ಬಂದವರು, ಬಾರದವರು

ಹಿಂದಿನ ಭಾನುವಾರ ಗರಿ ಹಿಡಿದು ಜಯಕಾರ ಕೂಗಿದ ಜನ ಬರಲಿಲ್ಲ. ರೊಟ್ಟಿ ತಿಂದು ತೃಪ್ತರಾದ ಐದು ಸಾವಿರ ಮಂದಿಯ ಸುಳಿವಿಲ್ಲ. ಪ್ರಾಣ ಕೊಡಲೂ ಸಿದ್ಧ ಎಂದಿದ್ದ ಪೇತ್ರರೂ ಇಲ್ಲ. ರೋಮ್ ಸರ್ಕಾರ ಶಿಲುಬೆಗೇರಿಸಿದವನ ಶವವನ್ನು ಕೇಳುವುದು ಅಪಾಯದ ಕೆಲಸವಾಗಿತ್ತು. ಅಂಥವರ ದೇಹ ಹದ್ದು ನಾಯಿಗಳ ಪಾಲಾಗುವುದೇ ಹೆಚ್ಚು. ಆದರೂ ಎಲ್ಲರಿಗೂ ಹಾಗಾಗುತ್ತಿರಲಿಲ್ಲ. 1968ರಲ್ಲಿ ಜೆರುಸಲೇಮಿನ ಹೊರವಲಯದ ಒಂದು ಗೋರಿಯಲ್ಲಿ ಹಿಮ್ಮಡಿಯ ಮೂಳೆಗೆ ಮೊಳೆ ಹೊಕ್ಕಿದ್ದ ಒಬ್ಬ ವ್ಯಕ್ತಿಯ ಅಸ್ಥಿ ದೊರೆಯಿತು. ಅವನನ್ನೂ ಯಾರೋ ಧೈರ್ಯ ಮಾಡಿ ಇಳಿಸಿ ತಂದಿದ್ದರು.

ಯೇಸುಸ್ವಾಮಿಗಾಗಿ ಆ ಧೈರ್ಯ ಮಾಡಿದವರು ಅರಿಮಥಾಯದ ಜೋಸೆಫರು. ಅವರು ಸಿರಿವಂತರು, ಸಭಾಸದಸ್ಯರು. ಹೆದರಿಕೆಯಿಂದ ಅಲ್ಲಿಯವರೆಗೂ ಗುಟ್ಟಾಗಿಯೇ ಶಿಷ್ಯರಾಗಿದ್ದರು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಯೇಸು ಬದುಕಿದ್ದಾಗ ಬಾಯಿ ಬಿಡದವರು, ಸತ್ತಮೇಲೆ ನೇರ ಪಿಲಾತನ ಮುಂದೆ ಹೋಗಿ ನಿಂತರು. ತಮಗಾಗಿ ಬಂಡೆಯಲ್ಲಿ ಕೊರೆಸಿಟ್ಟಿದ್ದ ಹೊಸ ಸಮಾಧಿಯನ್ನೇ ಬಿಟ್ಟುಕೊಟ್ಟರು. ಮೊದಲೊಮ್ಮೆ ರಾತ್ರಿ ಹೊತ್ತಿನಲ್ಲಿ ಯೇಸುವನ್ನು ಕಾಣಲು ಹೋಗಿದ್ದ ನಿಕೊದೇಮರು ಈ ಸಲ ಮೂವತ್ತು ಕಿಲೋಗೂ ಮೀರಿದ ಸುಗಂಧದ್ರವ್ಯ ಹೊರಿಸಿಕೊಂಡು ಬಂದರು. ಮಗ್ದಲದ ಮರಿಯ ಮತ್ತು ಸಂಗಡದ ಸ್ತ್ರೀಯರು ದೇಹವನ್ನು ಎಲ್ಲಿಟ್ಟರೆಂದು ಕಣ್ಣಿಟ್ಟು ನೋಡಿಕೊಂಡರು. ಇಷ್ಟೇ ಜನ. ಲಾಭ ಏನೂ ಉಳಿಯದ ಹೊತ್ತಿನಲ್ಲಿ ಬಂದ ಇವರ ಪ್ರೀತಿಯನ್ನು ನಾಲ್ಕು ಶುಭಸಂದೇಶಗಳೂ ಬರೆದಿಟ್ಟಿವೆ.

ಕೈಯಾಡದ ದೇವರು

ಪಿಲಾತನಿಗೆ ಯೇಸು ಅಷ್ಟು ಬೇಗ ಸತ್ತರೆಂದು ನಂಬಿಕೆ ಬರಲಿಲ್ಲ. ಶತಾಧಿಪತಿಯನ್ನು ಕರೆಸಿ ವಿಚಾರಿಸಿ, ಆಮೇಲೆ ಶವ ಕೊಡಿಸಿದ. ಆದ್ದರಿಂದ ಸಮಾಧಿಯ ಮೊದಲ ಅರ್ಥ ಸರಳ: ಸಾವು ನಿಜ. ದೇವಪುತ್ರರು ಸಾವನ್ನು ನಾಟಕದ ಪಾತ್ರದಂತೆ ಆಡಿ ಪರದೆ ಎಳೆಯಲಿಲ್ಲ.

ಇನ್ನೂ ಆಳದ ಅರ್ಥವೊಂದಿದೆ. ಶಿಲುಬೆಯ ಮೇಲಿದ್ದಾಗಲೂ ಯೇಸುಸ್ವಾಮಿ ಮಾತನಾಡಿದರು, ಕ್ಷಮಿಸಿದರು, ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಸಮಾಧಿಯಲ್ಲಿ ಅದೂ ಇಲ್ಲ. ಕುಷ್ಠರೋಗಿಯನ್ನು ಮುಟ್ಟಿದ ಕೈ ಆಡುತ್ತಿಲ್ಲ. ಶಿಷ್ಯರ ಕಾಲು ತೊಳೆದವರ ಮೈಯನ್ನು ಈಗ ಬೇರೆಯವರು ಸುತ್ತಬೇಕು, ಎತ್ತಬೇಕು, ಹೊರಬೇಕು. ದೇವರು ತಮ್ಮನ್ನು ಮನುಷ್ಯರ ಕೈಗೆ ಇಷ್ಟು ಪೂರ್ತಿಯಾಗಿ ಒಪ್ಪಿಸಿಕೊಂಡದ್ದು ಎರಡೇ ಸಲ. ಬೆತ್ಲೆಹೇಮಿನಲ್ಲಿ ಕೂಸಾಗಿ ಒಮ್ಮೆ, ಸಮಾಧಿಯಲ್ಲಿ ಶವವಾಗಿ ಇನ್ನೊಮ್ಮೆ. ಎರಡು ಸಲವೂ ಬಟ್ಟೆ ಸುತ್ತಿದವರು ಬೇರೆಯವರೇ.

ಲಕ್ವ ಹೊಡೆದು ಹಾಸಿಗೆ ಹಿಡಿದ ಹಿರಿಯರು "ಇನ್ನೊಬ್ಬರ ಕೈಯಲ್ಲಿ ಮಾಡಿಸ್ಕೊಳ್ಳೋ ಬಾಳೂ ಒಂದು ಬಾಳೇನಪ್ಪಾ" ಎಂದು ಕೊರಗುವುದುಂಟು. ಅವರಿಗೆ ಈ ಸ್ಥಳ ಹೇಳುವ ಸಮಾಧಾನ ದೊಡ್ಡದು. ಪರಾಧೀನವಾದ ಮೈ ಅವಮಾನದ ಮೈ ಅಲ್ಲ. ದೇವಪುತ್ರರ ಮೈಯೂ ಹಾಗೆ ಇತ್ತು. ಅಂಥ ತಂದೆತಾಯಿಯರ ಮೈ ಒರೆಸಿ, ಹಾಸಿಗೆ ಬದಲಿಸುವ ಸೊಸೆ, ಮಗ, ಮಗಳು ಜೋಸೆಫ ನಿಕೊದೇಮರ ಕೆಲಸವನ್ನೇ ಮಾಡುತ್ತಿದ್ದಾರೆ.

ಮಣ್ಣು ಮುಟ್ಟದ ಹೂವಿಗೆ ಕಾಯಿಲ್ಲ

ಬಿತ್ತಿದ ಕಾಳು ಮಣ್ಣಿನಲ್ಲಿ ಬಿದ್ದು ಸಾಯದಿದ್ದರೆ ಫಲವಿಲ್ಲ ಎಂಬರ್ಥದ ಮಾತನ್ನು ಯೇಸುಸ್ವಾಮಿ ಗೋದಿಯನ್ನು ತೋರಿಸಿ ಹೇಳಿದರು. ನನ್ನಿವಾಳದ ಹೊಲಗಳಲ್ಲಿ ಗೋದಿಗಿಂತ ಶೇಂಗಾ ಈ ಮಾತನ್ನು ಚೆನ್ನಾಗಿ ಹೇಳುತ್ತದೆ. ಶೇಂಗಾ ಹೂವು ಬೆಳಕಿನಲ್ಲಿ, ಗಿಡದ ಮೇಲೆ ಅರಳುತ್ತದೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಒಂದು ಸಣ್ಣ ಮೊನೆ ಕೆಳಕ್ಕೆ ಬಾಗಿ ನೆಲವನ್ನು ಹುಡುಕುತ್ತದೆ. ಮಣ್ಣು ಹೊಕ್ಕರೆ ಕಾಯಿ ಕಟ್ಟುತ್ತದೆ. ನೆಲ ಗಟ್ಟಿಯಾಗಿ ಒಳಗೆ ಇಳಿಯಲಾಗದಿದ್ದರೆ ಮೊನೆ ಗಾಳಿಯಲ್ಲೇ ಒಣಗಿಹೋಗುತ್ತದೆ. ಹೂವು ಎಷ್ಟು ಚೆಂದವಿದ್ದರೂ ಕಾಯಿ ಇರುವುದು ಮಣ್ಣಿನೊಳಗೆ.

ಜ್ಞಾನಸ್ನಾನ ಎಂದರೆ ಇದೇ ಎಂದು ಪೌಲರು ರೋಮಿನ ಸಭೆಗೆ ವಿವರಿಸಿದರು. ನೀರಿಗಿಳಿದವನು ಕ್ರಿಸ್ತರೊಂದಿಗೆ ಸಮಾಧಿಗಿಳಿದಿದ್ದಾನೆ. ನೀರಿನಿಂದೆದ್ದವನು ಹೊಸ ಬಾಳಿಗೆ ಎದ್ದಿದ್ದಾನೆ. ಆದ್ದರಿಂದಲೇ ಪಾಸ್ಕ ಜಾಗರಣೆಯ ರಾತ್ರಿ ಧರ್ಮಸಭೆ ಜ್ಞಾನಸ್ನಾನ ಕೊಡುತ್ತದೆ, ಹಿಂದೆ ಪಡೆದವರಿಂದ ಅದರ ಪ್ರತಿಜ್ಞೆಯನ್ನು ಮತ್ತೆ ಮಾಡಿಸುತ್ತದೆ. ಅಂದರೆ ಯೇಸುಸ್ವಾಮಿಯ ಮಣ್ಣಿಗೆ ಹೋದವರ ಪಟ್ಟಿ ಜೋಸೆಫರಲ್ಲಿಗೆ ಮುಗಿಯಲಿಲ್ಲ. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ಆ ಮಣ್ಣಿಗೆ ಹೋದವರೇ. ಬರೀ ನೋಡಲು ಹೋದವರಲ್ಲ, ಜೊತೆಗೆ ಹೂಳಿಸಿಕೊಂಡವರು.

ಹಾಗಿದ್ದಮೇಲೆ ಹೂತದ್ದು ಹೂತಂತೆಯೇ ಇರಬೇಕು. ಆಗುವುದೇನು? ಅಣ್ಣತಮ್ಮಂದಿರ ಬದುವಿನ ಜಗಳ ಪಾಪನಿವೇದನೆಯಲ್ಲಿ ಹೂತುಹೋಗಿರುತ್ತದೆ. ಮುಂದಿನ ಮುಂಗಾರಿಗೆ ನೇಗಿಲು ಕಟ್ಟಿದೊಡನೆ ಅದೂ ಮೇಲೇಳುತ್ತದೆ. ಈ ಹಬ್ಬಕ್ಕೆ ಬಿಟ್ಟ ಕುಡಿತ ಮುಂದಿನ ಸಂತೆಗೆ ಹಿಂತಿರುಗುತ್ತದೆ. ಹೂತ ಹೆಣವನ್ನು ಯಾರೂ ಅಗೆದು ಮನೆಗೆ ತರುವುದಿಲ್ಲ. ಹೂತ ಹಗೆಯನ್ನು ಮಾತ್ರ ವರ್ಷಾವರ್ಷ ಅಗೆದು ತರುತ್ತಾರೆ.

ಶನಿವಾರದ ಮೌನ

ಶುಕ್ರವಾರ ಸಂಜೆಗೂ ಭಾನುವಾರ ಬೆಳಗಿಗೂ ನಡುವೆ ಒಂದು ಇಡೀ ಶನಿವಾರವಿದೆ. ಪವಿತ್ರ ಶನಿವಾರದ ಹಗಲು ಬಲಿಪೂಜೆಯಿಲ್ಲ, ಪೀಠದ ಮೇಲೆ ವಸ್ತ್ರವಿಲ್ಲ. ಆ ದಿನ ಕ್ರಿಸ್ತರು ಮೃತರ ಲೋಕಕ್ಕೆ ಇಳಿದರು, ಆದಿಯಿಂದ ಕಾದು ಕೂತವರ ಬಳಿಗೆ ಹೋದರು ಎಂದು ವಿಶ್ವಾಸ ಹೇಳುತ್ತದೆ. ಆದರೆ ಮೇಲಿದ್ದವರಿಗೆ ಅದು ಕಾಣಲಿಲ್ಲ. ಅವರಿಗೆ ಕಂಡದ್ದು ಮುಚ್ಚಿದ ಕಲ್ಲು ಮಾತ್ರ.

ಬಹಳ ಜನರ ಬಾಳು ಈ ಶನಿವಾರದಲ್ಲೇ ಇದೆ. ಹರಕೆ ಹೊತ್ತು ಬೆಟ್ಟ ಹತ್ತಿದ್ದಾಗಿದೆ, ಕಾಯಿಲೆ ಇಳಿದಿಲ್ಲ. ಸಾಲ ತೀರಿಲ್ಲ. ಬೆಂಗಳೂರಿಗೆ ದುಡಿಯಲು ಹೋದ ಮಗನ ಫೋನಿಲ್ಲ. ದೇವರು ಸುಮ್ಮನಿದ್ದಾರೆ. ಚಳ್ಳಕೆರೆ ಸೀಮೆಯ ಒಣ ಬೇಸಾಯಗಾರನಿಗೆ ಈ ಸುಮ್ಮನಿರುವಿಕೆ ಹೊಸದಲ್ಲ. ಬಿತ್ತಿ ಮುಗಿಲು ನೋಡುವುದು ಅವನ ಬಾಳು. ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಕೆದಕಿ ನೋಡಿದರೆ ಬರಬೇಕಾದ ಮೊಳಕೆಯೂ ಸಾಯುತ್ತದೆ ಎಂಬುದು ಅವನಿಗೆ ತಿಳಿದಿದೆ. ದೇವರ ಮೌನ ಎಂದರೆ ದೇವರಿಲ್ಲದ ಸ್ಥಿತಿ ಅಲ್ಲ; ಕೆಲಸ ಮಣ್ಣಿನ ಕೆಳಗೆ ನಡೆಯುತ್ತಿರುವ ಹೊತ್ತು. ಆ ಶನಿವಾರ ಸ್ತ್ರೀಯರು ಕಲ್ಲನ್ನು ಉರುಳಿಸಲು ಹೋಗಲಿಲ್ಲ. ಸುಗಂಧದ್ರವ್ಯ ಸಿದ್ಧಮಾಡಿಟ್ಟುಕೊಂಡು ಕಾದರು. ಕಾದವರೇ ಭಾನುವಾರ ಮೊದಲು ಕಂಡರು.

ಇವತ್ತು ಯಾರ ಮಣ್ಣಿಗೆ?

ನಾಯಕನಹಟ್ಟಿಯ ಹೊರಮಠದಲ್ಲಿ ತಿಪ್ಪೇರುದ್ರಸ್ವಾಮಿಯ ಸಮಾಧಿಗೆ ಜನ ಭಕ್ತಿಯಿಂದ ಹೋಗುತ್ತಾರೆ, ಸ್ವಾಮಿ ಅಲ್ಲಿದ್ದಾರೆ ಎಂಬ ನಂಬಿಕೆಯಿಂದ. ಜೆರುಸಲೇಮಿನ ಸಮಾಧಿಗೆ ಕ್ರೈಸ್ತರು ಹೋಗುವುದು ಯೇಸುಸ್ವಾಮಿ ಅಲ್ಲಿಲ್ಲ ಎಂಬ ನಂಬಿಕೆಯಿಂದ. ಹಾಗಾದರೆ ಆ ದೇಹವನ್ನು ಇವತ್ತು ಗೌರವಿಸುವುದು ಎಲ್ಲಿ? ಹಸಿದವರಿಗೂ ಬಟ್ಟೆಯಿಲ್ಲದವರಿಗೂ ಮಾಡಿದ್ದು ತಮಗೇ ಮಾಡಿದಂತೆ ಎಂದವರು ಅವರೇ. ಧರ್ಮಸಭೆ ಎಣಿಸುವ ಏಳು ಕರುಣೆಯ ಕಾರ್ಯಗಳಲ್ಲಿ ಕೊನೆಯದು ಸತ್ತವರನ್ನು ಮಣ್ಣು ಮಾಡುವುದು. ಪರದೇಶದಲ್ಲಿ ಸೆರೆಯಾಳಾಗಿದ್ದ ತೊಬೀತ ರಾಜನ ಕೋಪಕ್ಕೂ ಹೆದರದೆ, ಬೀದಿಯಲ್ಲಿ ಬಿದ್ದ ಹೆಣಗಳನ್ನು ಹೊತ್ತು ಹೂಳಿದ ಕಥೆ ಪವಿತ್ರ ಗ್ರಂಥದಲ್ಲಿದೆ. 1952ರಲ್ಲಿ ಮದರ್ ತೆರೇಸಾ ಕಲ್ಕತ್ತೆಯ ಕಾಳಿಘಾಟಿನಲ್ಲಿ ತೆರೆದ ಮನೆಯಲ್ಲಿ, ಸತ್ತವರಿಗೆ ಅವರವರ ಧರ್ಮದಂತೆಯೇ ಅಂತ್ಯಕ್ರಿಯೆ ನಡೆಯುತ್ತಿತ್ತು.

2020ರ ಜೂನ್ ಕೊನೆಯಲ್ಲಿ, ಮೊಳಕಾಲ್ಮುರಿಗೆ ಹೊಂದಿಕೊಂಡ ಬಳ್ಳಾರಿ ಜಿಲ್ಲೆಯಲ್ಲಿ, ಕೊರೊನಾದಿಂದ ಸತ್ತವರ ಶವಗಳನ್ನು ಒಂದೇ ಗುಂಡಿಗೆ ಎಸೆಯುವ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ದಿನಗಳಲ್ಲಿ ಹೆತ್ತ ಮಕ್ಕಳೂ ಹತ್ತಿರ ಬರಲು ಅಂಜಿದರು. ಅದೇ ಹೊತ್ತಿನಲ್ಲಿ ಎಲ್ಲ ಧರ್ಮಗಳ ಯುವಕರು ಪರಿಚಯವೇ ಇಲ್ಲದವರ ಹೆಣಕ್ಕೆ ಹೆಗಲು ಕೊಟ್ಟರು. ಜೋಸೆಫರು ಆ ದಿನ ಯಾರ ನಡುವೆ ಇದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಕ್ರೈಸ್ತರ ಮನೆಯೊಳಗಿನದು. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆಮಾಡಲು ಕಟ್ಟಿದ ಗೋಡೆಯ ವಿಷಯ ನಾಡಿಗೆ ತಿಳಿದದ್ದು. ಗೋಡೆ ಕಾಣದ ಕಡೆಗಳಲ್ಲೂ ಮನಸ್ಸಿನಲ್ಲಿ ಗೋಡೆಗಳಿಗೆ ಕೊರತೆಯಿಲ್ಲ. ಜೋಸೆಫರು ತಮ್ಮ ಸ್ವಂತ ಸಮಾಧಿಯನ್ನು ಶಿಲುಬೆಗೇರಿದ ಒಬ್ಬ ಬಡಗಿಗೆ ಬಿಟ್ಟುಕೊಟ್ಟರು. ಕ್ರಿಸ್ತರು ಮಲಗಿದ್ದು ಎರವಲು ಜಾಗದಲ್ಲಿ. ಅಂಥವರ ಹೆಸರು ಹೊತ್ತವರು "ಇದು ನಮ್ಮ ಸಾಲು, ಅದು ನಿಮ್ಮ ಸಾಲು" ಎಂದು ಸತ್ತವರಿಗೂ ಜಾತಿ ಹಚ್ಚಿದರೆ, ಹದಿನಾಲ್ಕನೇ ಸ್ಥಳದ ಮುಂದೆ ಹಚ್ಚಿದ ಮೇಣದಬತ್ತಿಗೆ ಬೆಳಕೆಲ್ಲಿಯದು?

ಯಾತ್ರಿಕರು ಊರಿಗೆ ಮರಳಿದ ಮೇಲೆ ಅಕ್ಕಪಕ್ಕದಲ್ಲಿ ಒಂದು ಸಾವು ಆಗಿಯೇ ಆಗುತ್ತದೆ. ಅದು ಬಡವನದಾಗಿರಬಹುದು, ಬೇರೆ ಧರ್ಮದವನದಾಗಿರಬಹುದು, ಮಾತು ಬಿಟ್ಟ ದಾಯಾದಿಯದಾಗಿರಬಹುದು. ಆ ಮಣ್ಣಿಗೆ ಹೋಗಿ, ಒಂದು ಹಿಡಿ ಮಣ್ಣು ಹಾಕಿ, ಮನೆಯವರ ಪಕ್ಕ ಒಂದು ಗಳಿಗೆ ಸುಮ್ಮನೆ ಕೂತು ಬಂದರೆ ಶಿಲುಬೆ ಹಾದಿ ಪೂರ್ಣವಾಗುತ್ತದೆ.

ಪ್ರಾರ್ಥನೆ

ಬಂಡೆಯ ಸಮಾಧಿಯಲ್ಲಿ ಮಲಗಿದ ಯೇಸುವೇ, ನಮ್ಮ ಮಣ್ಣಿಗೆ ನೀವು ಮೊದಲೇ ಇಳಿದಿದ್ದೀರಿ. ಅದರ ಅಂಜಿಕೆಯನ್ನು ನಮ್ಮಿಂದ ತೆಗೆಯಿರಿ. ನಾವು ಹೂತ ಹಗೆಯನ್ನು ಮತ್ತೆ ಅಗೆಯದಂತೆ ಕಾಯಿರಿ. ನಿಮ್ಮ ಮೌನದ ದಿನಗಳಲ್ಲಿ ಕಾಯುವ ತಾಳ್ಮೆ ಕೊಡಿ. ಯಾರೂ ಬಾರದ ಮಣ್ಣಿಗೆ ಹೋಗುವ ಧೈರ್ಯವನ್ನು ಜೋಸೆಫರಿಗೆ ಕೊಟ್ಟಂತೆ ನಮಗೂ ಕೊಡಿ. ತೀರಿಹೋದ ನಮ್ಮವರನ್ನೆಲ್ಲ ನಿಮ್ಮ ಭಾನುವಾರದ ಬೆಳಕಿಗೆ ಎಬ್ಬಿಸಿರಿ. ಆಮೆನ್.