ಹೆಸರು ಬದಲಾದರೆ ವ್ರತ ಬದಲಾಗುವುದೇ?

ಅಣಬೆ ಅಭಕ್ಷ್ಯವೆಂಬುದು ದಿಗಂಬರ ಜೈನ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಅದು ಅನಂತಕಾಯ, ಅದರ ಒಂದು ಶರೀರವು ಅನಂತ ಜೀವಗಳಿಗೆ ಆಶ್ರಯ ಎಂದು ಹಿರಿಯರು ಹೇಳಿಕೊಡುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಓದುತ್ತಿರುವ ಮೊಮ್ಮಗನು ರಜೆಗೆ ಬಂದು, "ಅಜ್ಜಿ, ಅಣಬೆ ಸಸ್ಯವೇ ಅಲ್ಲ, ಅದು ಪ್ರಾಣಿಗಳಿಗೆ ಹೆಚ್ಚು ಹತ್ತಿರವಾದ ಬೇರೊಂದು ವರ್ಗ. ನೀವು ಬಿಟ್ಟದ್ದು ವನಸ್ಪತಿಯನ್ನಲ್ಲವೇ?" ಎಂದು ಕೇಳಿದರೆ, ಉತ್ತರವು ಅಷ್ಟು ಸುಲಭವಲ್ಲ. ಪ್ರಶ್ನೆಯಲ್ಲಿ ತುಸು ಕುಚೋದ್ಯವಿದ್ದೀತು. ನಿಜವಾದ ಜಿಜ್ಞಾಸೆಯೂ ಇದ್ದೀತು. ಅದರಿಂದ ಎರಡು ಸಂದೇಹಗಳು ಹುಟ್ಟುತ್ತವೆ. ಅಣಬೆಯು ವನಸ್ಪತಿಯಲ್ಲವಾದರೆ ಅನಂತಕಾಯ ವನಸ್ಪತಿಯ ತ್ಯಾಗದಲ್ಲಿ ಅದು ಸೇರುವುದೇ? ಅದು ಪ್ರಾಣಿಗಳಿಗೆ ಹತ್ತಿರವೆಂದಾದರೆ ಮಾಂಸಕ್ಕೆ ಸಮಾನವಾಯಿತೇ? ಮೊದಲನೆಯ ಸಂದೇಹವು ವ್ರತವನ್ನು ಸಡಿಲಿಸುತ್ತದೆ. ಎರಡನೆಯದು ವ್ರತಿಯನ್ನು ಕಳವಳಕ್ಕೆ ಈಡುಮಾಡುತ್ತದೆ. ಎರಡಕ್ಕೂ ಮೂಲವಾಗಿರುವುದು ಹೆಸರು. ಆದುದರಿಂದ ಹೆಸರೆಂದರೇನು, ವ್ರತವೆಂದರೇನು ಎಂಬುದನ್ನು ಬೇರೆ ಬೇರೆಯಾಗಿ ನೋಡುವುದು ಯುಕ್ತ.

ಕನ್ನಡದ ಆಡುಮಾತಿನಲ್ಲಿ ಈ ಜೀವರಾಶಿಗೆ ಒಂದೇ ಹೆಸರಿಲ್ಲ. ಮಳೆಗಾಲದಲ್ಲಿ ಗೊಬ್ಬರದ ಗುಂಡಿಯ ಬಳಿ ಏಳುವುದು ನಾಯಿಕೊಡೆ. ಉಪ್ಪಿನಕಾಯಿಯ ಮೇಲೆ ಹರಡುವುದು ಬೂಷ್ಟು. ಜೋಳದ ತೆನೆಯನ್ನು ಕಪ್ಪಾಗಿಸುವುದು ಕಾಡಿಗೆ ರೋಗ. ಗೋಧಿಯ ಎಲೆಗೆ ಹತ್ತುವುದು ತುಕ್ಕು ರೋಗ. ಜನರು ಹೆಸರಿಟ್ಟದ್ದು ಅವು ಕಂಡ ಸ್ಥಳವನ್ನೂ ಮಾಡಿದ ಹಾನಿಯನ್ನೂ ಅನುಸರಿಸಿ. ಇವೆಲ್ಲವನ್ನೂ, ರೊಟ್ಟಿಯನ್ನು ಉಬ್ಬಿಸುವ ಯೀಸ್ಟನ್ನೂ ಕೂಡಿಸಿ 'ಶಿಲೀಂಧ್ರ'ವೆಂಬ ಒಂದೇ ಹೆಸರಿನಡಿ ತಂದದ್ದು ವಿದ್ವಾಂಸರ ಕೆಲಸ.

ಆ ವಿದ್ವಾಂಸರ ನಿರ್ಣಯವೂ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳ ಪಟ್ಟಿಯನ್ನು ಪ್ರಕಟಿಸಿದಾಗ ಅಣಬೆಗಳನ್ನು ಹೂವು ಕಾಣದ ಸಸ್ಯಗಳ ಕೊನೆಯ ವರ್ಗದಲ್ಲಿಟ್ಟನು. ಅವನೇ 1767ರಲ್ಲಿ, ಅಣಬೆಯ ಬೀಜಾಣುಗಳು ಸಣ್ಣ ಪ್ರಾಣಿಗಳೆಂಬ ಆಗಿನ ಒಂದು ಅಭಿಪ್ರಾಯವನ್ನು ಅನುಸರಿಸಿ, ಹುಳುಗಳ ಗುಂಪಿನಲ್ಲಿ 'ಕೇಯಾಸ್' ಎಂಬ ಹೆಸರಿನ ಕೆಳಗೂ ಅವುಗಳಿಗೆ ಸ್ಥಾನ ಕೊಟ್ಟನು. 'ಕೇಯಾಸ್' ಎಂದರೆ ಅವ್ಯವಸ್ಥೆ. ಮುಂದೆ 1801ರಲ್ಲಿ ಪರ್ಸೂನನೂ, 1821ರಿಂದ 1832ರವರೆಗೆ ಎಲಿಯಾಸ್ ಫ್ರೀಸನೂ ಕಣ್ಣಿಗೆ ಕಾಣುವ ಆಕಾರವನ್ನೂ ಬೀಜಾಣುಗಳ ಬಣ್ಣವನ್ನೂ ನೋಡಿ ಇವನ್ನು ವಿಂಗಡಿಸಿದರು. ಆಗಲೂ ಅವು ಸಸ್ಯಗಳೇ. ಅಮೆರಿಕದ ವಿಟೇಕರ್ 1969ರಲ್ಲಿ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ವಿಭಾಗಿಸಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನು ಕೊಟ್ಟನು. ಅವುಗಳಲ್ಲಿ ಪತ್ರಹರಿತ್ತಿಲ್ಲ, ಸಸ್ಯಗಳಂತೆ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳಲಾರವು, ಪ್ರಾಣಿಗಳಂತೆ ನುಂಗಲೂ ಆರವು, ಆಹಾರವನ್ನು ಹೊರಗೇ ಕರಗಿಸಿ ಹೀರಿಕೊಳ್ಳುತ್ತವೆ. ಅವುಗಳ ಕೋಶಭಿತ್ತಿಯಲ್ಲಿ ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಎಂಬ ವಸ್ತುವಿದೆ. 1993ರಲ್ಲಿ ಅಣುಮಟ್ಟದ ಹೋಲಿಕೆಯಿಂದ, ಶಿಲೀಂಧ್ರಗಳೂ ಪ್ರಾಣಿಗಳೂ ಸಮೀಪದ ಬಂಧುಗಳೆಂಬ ವಿಚಾರಕ್ಕೆ ಬಲವಾದ ಆಧಾರ ದೊರೆಯಿತು. ಮೊಮ್ಮಗನು ಹೇಳಿದ್ದು ಸುಳ್ಳಲ್ಲ.

ಈ ವಿಂಗಡಣೆಯಲ್ಲಿ ಕೆಲವು ಹೊರಗೂ ಹೋದವು. ಮಲೆನಾಡಿನ ಅಡಿಕೆಯ ತೋಟಗಳನ್ನು ಮಳೆಗಾಲದಲ್ಲಿ ಹಾಳುಮಾಡುವ ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರವಾಗಿ ಬರೆದನು. ಆ ರೋಗದ ಕಾರಣವನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿತ್ತು. ಈಗ ಅದನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ, ಸಮುದ್ರದ ಕಂದು ಪಾಚಿಯ ಬಂಧುವರ್ಗದಲ್ಲಿ ಸೇರಿಸಲಾಗಿದೆ. ಉದುರಿದ ಕಾಯಿ ಹಾಗೆಯೇ ಉದುರುತ್ತದೆ. ಮದ್ದು ಸಿಂಪಡಿಸುವ ಬೆಳೆಗಾರನ ಉದ್ಯೋಗಿ ಹಿಂಸೆಯ ಹೊಣೆಯೂ ಹಾಗೆಯೇ ಉಳಿದಿದೆ. ಬದಲಾದದ್ದು ಪುಸ್ತಕದಲ್ಲಿನ ಸ್ಥಾನ ಮಾತ್ರ.

ಇನ್ನೂ ಸ್ಪಷ್ಟವಾದ ನಿದರ್ಶನವು ಪೆನಿಸಿಲಿನ್ನಿನದು. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನ ಗಾಜಿನ ತಟ್ಟೆಯ ಮೇಲೆ ಬೆಳೆದ ಬೂಷ್ಟಿಗೆ ಮೊದಲು 'ಪೆನಿಸಿಲಿಯಂ ರೂಬ್ರಂ' ಎಂದು ಹೆಸರಾಯಿತು. ಅದು ತಪ್ಪೆಂದು 'ನೊಟೇಟಂ' ಎಂದರು. ಅನಂತರ 'ಕ್ರೈಸೋಜೀನಂ' ಎಂಬುದರಲ್ಲಿ ಸೇರಿಸಿದರು. 2011ರಲ್ಲಿ ಅದೂ ಸರಿಯಲ್ಲ, 'ರೂಬೆನ್ಸ್' ಎಂಬುದೇ ಯುಕ್ತವೆಂದು ತೋರಿಸಲಾಯಿತು. ನಾಲ್ಕು ಹೆಸರುಗಳು, ಬೂಷ್ಟು ಒಂದೇ. ಹೆಸರು ತಪ್ಪಾಗಿದ್ದ ಕಾಲದಲ್ಲಿಯೂ ಅದರ ಔಷಧದಿಂದ ರೋಗಿಗಳು ಬದುಕಿದರು.

ಒಂದೇ ಜೀವಿಗೆ ಏಕಕಾಲದಲ್ಲಿ ಎರಡು ಅಧಿಕೃತ ಹೆಸರುಗಳಿದ್ದುದೂ ಉಂಟು. ಅನೇಕ ಶಿಲೀಂಧ್ರಗಳು ಒಂದು ಅವಸ್ಥೆಯಲ್ಲಿ ಲಿಂಗರಹಿತವಾಗಿಯೂ ಇನ್ನೊಂದು ಅವಸ್ಥೆಯಲ್ಲಿ ಲಿಂಗಸಹಿತವಾಗಿಯೂ ವೃದ್ಧಿಯಾಗುತ್ತವೆ. ಎರಡರಲ್ಲಿಯೂ ರೂಪ ಬೇರೆ. ಆದುದರಿಂದ ಒಂದೊಂದು ಅವಸ್ಥೆಗೆ ಒಂದೊಂದು ಹೆಸರಿಡಲು ನಾಮಕರಣದ ನಿಯಮವೇ ಅವಕಾಶ ಕೊಟ್ಟಿತ್ತು. 2011ರಲ್ಲಿ ಮೆಲ್ಬರ್ನಿನ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನವು ಈ ಪದ್ಧತಿಯನ್ನು ಕೊನೆಗಾಣಿಸಿ, ಒಂದು ಶಿಲೀಂಧ್ರಕ್ಕೆ ಒಂದೇ ಹೆಸರೆಂದು ನಿರ್ಧರಿಸಿತು. ದ್ರವ್ಯ ಒಂದು, ಪರ್ಯಾಯಗಳು ಹಲವು ಎಂಬ ಪಾಠವನ್ನು ಕೇಳಿ ಬೆಳೆದ ಶ್ರಾವಕನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪರ್ಯಾಯವನ್ನು ಕಂಡು ಹೆಸರಿಟ್ಟವನು ದ್ರವ್ಯವನ್ನು ಕಂಡ ಮೇಲೆ ಹೆಸರನ್ನು ತಿದ್ದಿಕೊಂಡನು. ತಿದ್ದಿಕೊಳ್ಳುವುದು ವಿಜ್ಞಾನಕ್ಕೆ ದೋಷವಲ್ಲ. ಅದು ಸತ್ಯನಿಷ್ಠೆಯ ಲಕ್ಷಣ.

ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವು ಪದಾರ್ಥಗಳನ್ನು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿಂದ ತಿಳಿಯಬೇಕೆಂದು ವಿಧಿಸುತ್ತದೆ. ಮಗುವಿಗೆ ಮಹಾವೀರನೆಂದು ಹೆಸರಿಟ್ಟ ಮಾತ್ರಕ್ಕೆ ಅವನು ತೀರ್ಥಂಕರನಾಗುವುದಿಲ್ಲ, ಅದು ನಾಮನಿಕ್ಷೇಪ. ವರ್ತಮಾನದ ಅವಸ್ಥೆಯಿಂದ ಕೂಡಿದ ವಸ್ತುವೇ ಭಾವನಿಕ್ಷೇಪ. ವಿಜ್ಞಾನಿಯು ಇಡುವ ಹೆಸರು ತಂದೆತಾಯಿಗಳು ಇಡುವ ಹೆಸರಿನಂತೆ ಕೇವಲ ಇಚ್ಛೆಯದಲ್ಲ, ಅದು ಗುಣವನ್ನು ಅರಸುತ್ತದೆ. ಆದರೂ ಅದು ಹೆಸರೇ. ಹಿಂಸೆಯು ತಾಗುವುದು ಹೆಸರಿಗಲ್ಲ, ಜೀವಕ್ಕೆ.

ಈಗ ಮೊದಲನೆಯ ಸಂದೇಹವನ್ನು ವಿಚಾರಿಸಬಹುದು. ಆಗಮದ 'ವನಸ್ಪತಿಕಾಯ'ವೂ ಪಠ್ಯಪುಸ್ತಕದ 'ಸಸ್ಯ'ವೂ ಒಂದೇ ಎಂದು ಭಾವಿಸಿದ್ದರಿಂದಲೇ ಈ ತೊಡಕು ಉಂಟಾಗಿದೆ. ಮುನಿಗಳ ಆಚಾರವನ್ನು ತಿಳಿಸುವ ವಟ್ಟಕೇರರ ಮೂಲಾಚಾರದಲ್ಲಿ ಬಾದರ ವನಸ್ಪತಿಕಾಯಗಳ ಒಂದು ಪಟ್ಟಿಯಿದೆ. ವಸುನಂದಿ ಆಚಾರ್ಯರ ವೃತ್ತಿಯೊಡನೆ ಅದನ್ನು ಓದಿದರೆ, ನೀರಿನ ಮೇಲಣ ಹಸಿರು ಪಾಚಿ, ಇಟ್ಟಿಗೆಯ ಮೇಲೆ ಕಟ್ಟುವ ಕಪ್ಪು ಪಾಚಿ, ಕಸದಲ್ಲಿ ಹುಟ್ಟುವ ಬಣ್ಣಬಣ್ಣದ ಕೊಡೆಗಳು, ಆಹಾರ ಮತ್ತು ಗಂಜಿಯ ಮೇಲೆ ಹೂವಿನಂತೆ ಕಾಣಿಸುವ ಬೂಷ್ಟು, ಇವೆಲ್ಲವೂ ಒಟ್ಟಿಗೆ ಬರುತ್ತವೆ. ಗಂಜಿಯ ಮೇಲಣ ಬೂಷ್ಟಿಗೆ ಅಲ್ಲಿ 'ಕುಹಣ'ವೆಂದು ಹೆಸರು. ಇಂದಿನ ವಿಜ್ಞಾನವು ಇವನ್ನು ಮೂರು ನಾಲ್ಕು ಕಡೆಗಳಲ್ಲಿ ಹಂಚುತ್ತದೆ. ಹಾಗೆಂದು ಆಗಮದ ಪಟ್ಟಿ ತಪ್ಪಾಗುವುದಿಲ್ಲ. ವಿಜ್ಞಾನಿಯು ಕೇಳುವುದು, ಯಾವುದು ಯಾವುದರಿಂದ ಬಂದಿತು ಎಂದು. ಮುನಿಯು ಕೇಳುವುದು, ಪಾದವನ್ನು ಎಲ್ಲಿ ಇಡಬಾರದು, ಯಾವ ಆಹಾರವನ್ನು ಕೈಯಲ್ಲಿ ಸ್ವೀಕರಿಸಬಾರದು ಎಂದು. ಒಂದೇ ಧಾನ್ಯವನ್ನು ಎರಡು ಜರಡಿಗಳಲ್ಲಿ ಹಿಡಿದರೆ ರಾಶಿಗಳು ಬೇರೆಯಾಗುತ್ತವೆ. ಅದರಿಂದ ಯಾವ ಜರಡಿಯೂ ಸುಳ್ಳಾಗದು. ಆದುದರಿಂದ 'ಅಣಬೆ ಸಸ್ಯವಲ್ಲ' ಎಂಬ ವಾಕ್ಯದಿಂದ 'ಅಣಬೆ ವನಸ್ಪತಿಕಾಯವಲ್ಲ' ಎಂಬ ನಿರ್ಣಯವು ಹೊರಡುವುದಿಲ್ಲ. ಅಂತೆಯೇ, ವಿಜ್ಞಾನವು ಇಂದು ಹೇಳುವುದನ್ನೆಲ್ಲ ಆಚಾರ್ಯರು ಅಂದೇ ಹೇಳಿದ್ದರೆಂದು ಬೀಗುವುದೂ ಸಲ್ಲದು. ಅವರ ಪ್ರಯೋಜನ ಬೇರೆ. ಅದನ್ನು ಬೇರೆಯೆಂದು ಗೌರವಿಸುವುದೇ ಅನೇಕಾಂತ.

ಎರಡನೆಯ ಸಂದೇಹಕ್ಕೂ ಇದರಲ್ಲಿಯೇ ಸಮಾಧಾನವಿದೆ. ಬಂಧುತ್ವವು ವಂಶವನ್ನು ಹೇಳುತ್ತದೆ, ಇಂದ್ರಿಯಗಳನ್ನು ಹೇಳುವುದಿಲ್ಲ. ಆಗಮವು ಜೀವಗಳನ್ನು ಸ್ಪರ್ಶವೊಂದೇ ಇರುವವುಗಳಿಂದ ಐದು ಇಂದ್ರಿಯಗಳವರೆಗೆ ಎಣಿಸುತ್ತದೆ. ನಾಲಗೆಯಾಗಲಿ ಮೂಗಾಗಲಿ ಇಲ್ಲದ ಅಣಬೆಯು ಆ ಗಣನೆಯಲ್ಲಿ ಏಕೇಂದ್ರಿಯ ಸ್ಥಾವರವೇ. ಪ್ರಾಣಿಗೆ ಬಂಧುವೆಂದ ಮಾತ್ರಕ್ಕೆ ಅದು ತ್ರಸಜೀವವಾಗುವುದಿಲ್ಲ, ಅದರ ದೇಹವು ಮಾಂಸವಾಗುವುದಿಲ್ಲ. ಹೊಸ ಮಾತನ್ನು ಕೇಳಿ ಹಳೆಯ ವ್ರತವು ಸಾಲದೆಂದು ಕಂಗೆಡಬೇಕಾಗಿಲ್ಲ.

ಹಾಗಾದರೆ ವ್ರತವು ನಿಂತಿರುವುದು ಯಾವುದರ ಮೇಲೆ? ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ, ಫಲ ಅಲ್ಪವಾಗಿ ಘಾತ ಬಹಳವಾಗಿರುವ ವಸ್ತುಗಳನ್ನು ಬಿಡಬೇಕೆನ್ನುತ್ತಾರೆ. ಅನಂತರ, ಸೇವಿಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂದು ತಿಳಿಸುತ್ತಾರೆ. ಸಿಕ್ಕದಿರುವುದನ್ನು ತಿನ್ನದಿರುವುದು ವ್ರತವಲ್ಲ. ರುಚಿಸದ್ದನ್ನು ಬಿಡುವುದೂ ವ್ರತವಲ್ಲ. ಸಂಕಲ್ಪವೇ ಅದರ ಪ್ರಾಣ. ಅಜ್ಜಿಯು ಮುನಿಗಳ ಸಮಕ್ಷಮದಲ್ಲಿ ಅಣಬೆಯನ್ನು ಬಿಟ್ಟಾಗ ಸಸ್ಯಶಾಸ್ತ್ರದ ಒಂದು ಪುಟವನ್ನು ಬಿಡಲಿಲ್ಲ. ಇಷ್ಟು ಅಲ್ಪವಾದ ರುಚಿಗಾಗಿ ಇಷ್ಟು ಜೀವಗಳ ಘಾತ ಬೇಡವೆಂದು ತನ್ನ ನಾಲಗೆಯನ್ನು ಹಿಂದೆಗೆದಳು. ಪುಟವು ತಿದ್ದಲ್ಪಟ್ಟರೆ ಆ ಹಿಂದೆಗೆತವು ತಿದ್ದಲ್ಪಡುವುದಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಶಿಲೀಂಧ್ರಗಳಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು ಒಂದೂವರೆ ಲಕ್ಷ. ಒಟ್ಟು ಸಂಖ್ಯೆಯು 22 ಲಕ್ಷದಿಂದ 38 ಲಕ್ಷದವರೆಗೆ ಇರಬಹುದೆಂದು 2017ರಲ್ಲಿ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಎಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವಕ್ಕೆ ಹೆಸರೇ ಇಲ್ಲ. ಹೆಸರಿರುವ ಜೀವವನ್ನು ಮಾತ್ರ ರಕ್ಷಿಸುವ ವ್ರತವು ಎಷ್ಟು ಕಿರಿದಾದೀತು! ಮನೆಯ ಮರ್ಯಾದೆಯ ನಿಯಮಗಳು ಹೆಸರನ್ನು ಕಾಯುತ್ತ ಕುಳಿತುಕೊಳ್ಳುವುದಿಲ್ಲ. ಹಿಟ್ಟಿಗೆ ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರು ದಿನ ಎಂದು ಮಿತಿ ಹಾಕಿದವರು ಯಾವ ಬೂಷ್ಟಿನ ಹೆಸರನ್ನೂ ಕೇಳಲಿಲ್ಲ. ತೇವ ಹೆಚ್ಚಿದಷ್ಟೂ ಜೀವೋತ್ಪತ್ತಿ ಹೆಚ್ಚೆಂಬುದನ್ನು ನೋಡಿದರು. ರಸ ಚಲಿಸಿದ ಆಹಾರವನ್ನು ಬಿಡುವ ಗೃಹಿಣಿಯು ವಸ್ತುವಿನ ಲಕ್ಷಣವನ್ನು ನೋಡಿ ಬಿಡುತ್ತಾಳೆ.

ಆದರೂ ಹೆಸರು ನಿರರ್ಥಕವೆಂದು ತಿಳಿಯಬಾರದು. ಹೆಸರಿಲ್ಲದೆ ವ್ರತವನ್ನು ಉಚ್ಚರಿಸುವುದೇ ಸಾಧ್ಯವಿಲ್ಲ. ಇಂದಿನ ಪೇಟೆಯಲ್ಲಿ ಹೆಸರನ್ನು ವಿಚಾರಿಸದೆ ವ್ರತವನ್ನು ಪಾಲಿಸುವುದೂ ಕಷ್ಟ. ಬ್ರಿಟನ್ನಿನಲ್ಲಿ 1985ರಿಂದ, ದೊಡ್ಡ ಪಾತ್ರೆಗಳಲ್ಲಿ ಬೆಳೆಸಿದ ಒಂದು ಬೂಷ್ಟಿನ ಎಳೆಗಳನ್ನು ಮಾಂಸಕ್ಕೆ ಬದಲಾಗಿ 'ಮೈಕೋಪ್ರೋಟೀನ್' ಎಂಬ ಹೆಸರಿನಲ್ಲಿ ಮಾರಲಾಗುತ್ತಿದೆ. ಅಲ್ಲಿ ನೆಲಸಿದ ಜೈನ ಯುವಕನು ಮಾಂಸವಿಲ್ಲವೆಂಬ ಮಾತನ್ನೇ ನಂಬಿ ಕೊಂಡರೆ, ಅಜ್ಜಿಯು ಬಿಟ್ಟದ್ದನ್ನೇ ಅವನು ಉಂಡಂತಾಗುತ್ತದೆ. ಭಾರತದಲ್ಲಿಯೂ ಅಣಬೆಯ ಡಬ್ಬಿಗೆ ಹಸಿರು ಚುಕ್ಕೆ ಇರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ; ಆದರೆ ಕಾನೂನಿನ ಸಸ್ಯಾಹಾರವು ಶ್ರಾವಕನ ಭಕ್ಷ್ಯವಲ್ಲ. ಇದು ಮೂರನೆಯ ಜರಡಿ. ಪೊಟ್ಟಣದ ಮೇಲಣ ಚಿಕ್ಕ ಅಕ್ಷರಗಳನ್ನು ಓದುವುದೂ ಈ ಕಾಲದಲ್ಲಿ ವ್ರತಪಾಲನೆಯ ಒಂದು ಅಂಗ. ಓದಲು ತಿಳಿಯದೆ ಹಿಂದೆ ಉಂಡದ್ದಾದರೆ ಹತಾಶರಾಗಬೇಕಿಲ್ಲ. ಆಲೋಚನೆ, ಪ್ರತಿಕ್ರಮಣಗಳಿರುವುದು ಅದಕ್ಕಾಗಿಯೇ. ತಿಳಿದ ಮೇಲೆಯೂ ಹೆಸರಿನ ಮರೆಯಲ್ಲಿ ಉಣ್ಣುವುದು ಬೇರೆ ಮಾತು. ಅತಿಚಾರವು ಅನಾಚಾರವಾಗುವುದು ಅಲ್ಲಿ.

ಆದುದರಿಂದ ಮೊಮ್ಮಗನನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲ. ಅವನ ಮಾತಿಗೆ ಬೆದರಿ ಪಂಡಿತರ ಮನೆಗೆ ಓಡುವುದೂ ಅನಾವಶ್ಯಕ. "ನೀನು ಹೇಳಿದ್ದು ನಿಜವಿರಬಹುದು, ಮಗು. ಅದು ಸಸ್ಯವೆಂಬ ಕಾರಣಕ್ಕೆ ನಾನು ಬಿಟ್ಟಿರಲಿಲ್ಲ. ಅದರಲ್ಲಿ ಜೀವವಿದೆಯೆಂದು ಬಿಟ್ಟೆ. ಜೀವವಿಲ್ಲವೆಂದು ನಿನ್ನ ಪುಸ್ತಕ ಹೇಳುತ್ತದೆಯೇ?" ಎಂದು ಅಜ್ಜಿಯು ಕೇಳಬಹುದು. ಹಾಗೆ ಹೇಳುವ ಪುಸ್ತಕವು ಅವನಲ್ಲಿಲ್ಲ. ಅಂದು ಸಂಜೆ, ಸೂರ್ಯಾಸ್ತಕ್ಕೆ ಮೊದಲು ಅವಳು ಬಡಿಸಿದ್ದನ್ನು ಅವನು ಉಣ್ಣುತ್ತಾನೆ. ಅಂಗಡಿಯಿಂದ ಬಂದ ಪೊಟ್ಟಣವನ್ನು ಮರುದಿನ ಅವಳಿಗೆ ಓದಿ ಹೇಳುವ ಕೆಲಸವೂ ಅವನದಾಗುತ್ತದೆ.